ಅರ್ಜಿಯಲ್ಲಿ ಸರ್ಕಲ್ಲನ್ನೂ ಸೇರಿಸಿ

ಬೆಂಗಳೂರು

ಪ್ರೀತಿಯ ಗೆಳತಿ,

ನಿಮ್ಮ ಪತ್ರವೂ ಅದರ ಜೊತೆಗಿದ್ದ ಅರ್ಜಿಯ ಕರಡೂ ತಲುಪಿದವು. ಎಂಟನೇ ಕ್ಲಾಸಿನ ಮಗಳು ಶಾಲೆಗೆ ಸೈಕಲ್ಲಿನಲ್ಲೇ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ನಿಮ್ಮ ಯಜಮಾನರು ಸ್ಕೂಟರಿನಲ್ಲಿ ಬಿಟ್ಟು ಬರುತ್ತೇನೆ, ಸೈಕಲ್ ಮಾತೇ ಬೇಡ ಅನ್ನುತ್ತಾರೆ. ಇಬ್ಬರಲ್ಲಿ ಯಾರು ಸರಿ ಎಂದು ನನ್ನನ್ನು ಕೇಳಿದ್ದೀರಿ. ನಿಮ್ಮ ಮನೆಯ ಪಂಚಾಯ್ತಿಗೆ ನಾನು ಬರುವವಳಲ್ಲ. ಆದರೆ "ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ ಸೈಕಲ್ ಟ್ರ್ಯಾಕ್ ನಿರ್ಮಿಸಿಕೊಡಬೇಕೆಂದು ಕೋರಿ" ಎಂದು ಮೈಸೂರು ಪಾಲಿಕೆಗೆ ಬರೆದಿರುವ ಅರ್ಜಿಯ ಬಗ್ಗೆ ಹೇಳುವುದಿದೆ. ನೆರೆಹೊರೆಯವರ ಸಹಿ ಹಾಕಿಸುವ ಮೊದಲೇ ಇದನ್ನು ಓದಿ.

ನನಗಿರುವ ಭಯ ಪಾಲಿಕೆಯವರು ಅರ್ಜಿ ತಿರಸ್ಕರಿಸುತ್ತಾರೆ ಎಂದಲ್ಲ. ಒಪ್ಪಿಕೊಂಡುಬಿಟ್ಟರೆ ಏನು ಗತಿ ಎಂದು. ಟ್ರ್ಯಾಕ್ ತಾನೇ ಕೇಳಿದ್ದು? ರಸ್ತೆಯ ಎಡಬದಿಗೆ ಹಸಿರು ಬಣ್ಣ ಬಳಿದು, ಹತ್ತು ಮಾರಿಗೊಂದು ಸೈಕಲ್ ಚಿತ್ರ ಬರೆದು, ಒಂದು ಭಾನುವಾರ ಬೆಳಿಗ್ಗೆ ಗಣ್ಯರು ಬಿಳಿ ಟೀ ಶರ್ಟ್ ತೊಟ್ಟು ನೂರು ಗಜ ಸೈಕಲ್ ತುಳಿದರೆ ಕೆಲಸ ಮುಗಿಯಿತು. ಸೋಮವಾರದಿಂದ ಅದು ಕಾರು ನಿಲ್ಲಿಸುವ ಜಾಗ. ಇದನ್ನು ಕಲ್ಪಿಸಿಕೊಂಡು ಬರೆಯುತ್ತಿಲ್ಲ. ನಮ್ಮ ಜಯನಗರದಲ್ಲಿ ಹತ್ತು ಹನ್ನೆರಡು ವರ್ಷಗಳ ಹಿಂದೆ ಹಾಕಿದ ಸೈಕಲ್ ಪಥಗಳಿಗೆ ಬಹುಪಾಲು ಇದೇ ಆಯಿತು. ಅಗಲವಾದ ರಸ್ತೆ, ಸಾಲುಮರದ ನೆರಳು, ನಡಿಗೆಯ ದೂರದಲ್ಲಿ ಶಾಲೆ, ಕಾಲೇಜು, ಮಾರುಕಟ್ಟೆ ಎಲ್ಲವೂ ಇದ್ದ ಬಡಾವಣೆ ಅದು. ಸೈಕಲ್ಲಿಗೆ ಅದಕ್ಕಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. ಬಣ್ಣ ಮಾತ್ರ ಯಾರನ್ನೂ ತಡೆಯಲಿಲ್ಲ.

ಬಣ್ಣ ಸಾಲದು ಎಂದು ಗೊತ್ತಾದ ಮೇಲೆ ಗೂಟಗಳು ಬಂದವು. 2020ರಲ್ಲಿ, ಕೋವಿಡ್‌ನಿಂದ ರಸ್ತೆಗಳು ಖಾಲಿಯಾಗಿದ್ದ ಸಂದರ್ಭ ನೋಡಿ, ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಸುಮಾರು 17 ಕಿ.ಮೀ. ಸೈಕಲ್ ಪಥದ ಯೋಜನೆ ಶುರುವಾಯಿತು. ಅದೇ ರಸ್ತೆಯಲ್ಲಿ ಹಿಂದಿನ ವರ್ಷ ಬಸ್ಸುಗಳಿಗೆ ಪ್ರತ್ಯೇಕ ಪಥ ಮಾಡಿದ್ದರು. ಐಟಿ ಕಂಪನಿಗಳ ಸಾಲು ಇರುವ ರಸ್ತೆಯಾದ್ದರಿಂದ ಬಸ್ಸು, ಸೈಕಲ್ಲು ಎರಡಕ್ಕೂ ಜಾಗ ಕೊಟ್ಟರೆ ಕಾರು ಕಡಿಮೆಯಾಗುತ್ತದೆ ಎಂಬ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ. ಆದರೆ ಗೂಟಗಳು ಒಂದೊಂದಾಗಿ ಮುರಿದವು. ಮುರಿದ ಕಡೆಯಿಂದ ಬೈಕುಗಳು ನುಗ್ಗಿದವು. ಆಮೇಲೆ ಮೆಟ್ರೋ ಕಾಮಗಾರಿ ಬಂದು ರಸ್ತೆಯ ನಕ್ಷೆಯೇ ಬದಲಾಯಿತು. ಆ ಪಥದಲ್ಲಿ ಸಲೀಸಾಗಿ ಸಾಗುತ್ತಿದ್ದವರು ಕೂಡ ಮೇಲ್ಸೇತುವೆಯ ಬುಡ ಬಂದೊಡನೆ ಮತ್ತೆ ಲಾರಿಗಳ ನಡುವೆ ಸಿಕ್ಕಿಕೊಳ್ಳುತ್ತಿದ್ದರು. ಪಥ ಎಲ್ಲಿ ಹೆಚ್ಚು ಬೇಕಿತ್ತೋ ಅಲ್ಲಿಯೇ ಅದು ಮುಗಿದುಹೋಗುತ್ತಿತ್ತು.

ಬೈಕು ನುಗ್ಗುವ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಿದೇಶದ ನಕ್ಷೆಗಳನ್ನು ತಂದು ಇಲ್ಲಿ ಹಾಸುವವರು ಮರೆಯುವುದು ಇದನ್ನೇ. ಯುರೋಪಿನಲ್ಲಿ ಕಾರು ತಡೆದರೆ ಸೈಕಲ್ ಪಥ ಉಳಿಯುತ್ತದೆ. ನಮ್ಮಲ್ಲಿ ಕಾರು ತಡೆಯುವ ಎರಡು ಗೂಟಗಳ ನಡುವೆ ಸ್ಕೂಟರ್ ಧಾರಾಳವಾಗಿ ನುಸುಳುತ್ತದೆ. ದೆಹಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ಮಾಡಿದ ಬಸ್ ಕಾರಿಡಾರಿನಲ್ಲಿ ಸೈಕಲ್ಲಿಗೆಂದೇ ಬೇರೆ ದಾರಿ ಇತ್ತು. ಟ್ರಾಫಿಕ್ ನಿಂತಾಗಲೆಲ್ಲ ಬೈಕಿನವರು ಅದಕ್ಕೇ ಇಳಿಯುತ್ತಿದ್ದರು. ಕೊನೆಗೆ 2016ರಲ್ಲಿ ಇಡೀ ಕಾರಿಡಾರನ್ನೇ ಒಡೆದು ಹಾಕಿದರು, ಅದಕ್ಕೆ ಕಾರಿನವರ ಸಿಟ್ಟೂ ಸೇರಿದಂತೆ ಬೇರೆ ಕಾರಣಗಳಿದ್ದವು. ನಮ್ಮ ಸ್ಥಿತಿಗೆ ಸರಿಹೊಂದುವ ಉಪಾಯವೆಂದರೆ ಪಥವನ್ನು ರಸ್ತೆಯ ಮಟ್ಟದಿಂದ ಎತ್ತರಿಸಿ, ಫುಟ್‌ಪಾತಿಗಿಂತ ತುಸು ತಗ್ಗಾಗಿ, ಬೇರೆ ಬಣ್ಣದ ಗಾರೆಯಲ್ಲಿ ಕಟ್ಟುವುದು. ಅದಕ್ಕೆ ಹತ್ತಲು ಇಳಿಯಲು ದಾರಿ ಕೂಡುರಸ್ತೆಗಳಲ್ಲಿ ಮಾತ್ರ ಇರಬೇಕು. ಒಬ್ಬರನ್ನೊಬ್ಬರು ಹಿಂದೆ ಹಾಕುವಷ್ಟು, ಅಂದರೆ ಎರಡು ಮೀಟರಾದರೂ ಅಗಲ ಇರಬೇಕು. ಹಾಗಿದ್ದರೂ ಕೆಲವು ಬೈಕುಗಳು ಬರುತ್ತವೆ. ಅದಕ್ಕೆ ಪೊಲೀಸರು ಬೇಕು, ಬೇರೆ ದಾರಿಯಿಲ್ಲ.

ಈಗ ಅರ್ಜಿಯ ನಿಜವಾದ ಕೊರತೆಗೆ ಬರುತ್ತೇನೆ. ನಿಮ್ಮ ಮಗಳಿಗೆ ಅಪಾಯ ಇರುವುದು ರಸ್ತೆಯ ಉದ್ದಕ್ಕಿಂತ ಹೆಚ್ಚಾಗಿ ರಸ್ತೆಗಳು ಅಡ್ಡ ಹಾಯುವಲ್ಲಿ. ನೇರ ರಸ್ತೆಯಲ್ಲಿ ಎಡಕ್ಕೆ ಅಂಟಿಕೊಂಡು ಹೋಗುವ ಸೈಕಲ್ಲನ್ನು ಹಿಂದಿನಿಂದ ಬರುವವರು ಬಯ್ದುಕೊಂಡಾದರೂ ತಪ್ಪಿಸಿ ಹೋಗುತ್ತಾರೆ. ಸಿಗ್ನಲ್ಲಿನಲ್ಲಿ ಹಾಗಲ್ಲ. ಅವಳು ನೇರ ಹೋಗಬೇಕು, ಪಕ್ಕದ ಬಸ್ಸು ಎಡಕ್ಕೆ ತಿರುಗಬೇಕು. ಬಸ್ಸಿನ ಎಡ ಮುಂಭಾಗದ ಕೆಳಗೆ ನಿಂತ ಸೈಕಲ್ ಡ್ರೈವರಿಗೆ ಕನ್ನಡಿಯಲ್ಲಿ ಕಾಣುವುದಿಲ್ಲ. ಬಸ್ಸು ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಗೆ ಕೊಯ್ದುಕೊಂಡು ಬರುತ್ತದೆ. ಅಷ್ಟು ಜಾಗದಲ್ಲಿ ಸೈಕಲ್ ಇದ್ದರೆ ಉಳಿಗಾಲವಿಲ್ಲ. ನಮ್ಮ ಊರುಗಳಲ್ಲಿ ಇದರ ಜೊತೆಗೆ "ಫ್ರೀ ಲೆಫ್ಟ್" ಎಂಬ ಇನ್ನೊಂದು ಧಾರಾಳತನ ಇದೆ. ಎಡಕ್ಕೆ ತಿರುಗುವವರು ಯಾವಾಗಲೂ ನಿಲ್ಲದೆ ಹೋಗಬಹುದು. ಅಂದರೆ ನಡೆಯುವವರಿಗೂ ಸೈಕಲ್ಲಿನವರಿಗೂ ಆ ಮೂಲೆಯಲ್ಲಿ ಹಸಿರು ದೀಪ ಎಂಬುದೇ ಇಲ್ಲ.

ಮೈಸೂರಿನವರಿಗೆ ಸಿಗ್ನಲ್ಲಿಗಿಂತ ಸರ್ಕಲ್ ಹೆಚ್ಚು ಪರಿಚಿತ. ಕೆ.ಆರ್. ಸರ್ಕಲ್, ಹಾರ್ಡಿಂಜ್ ಸರ್ಕಲ್, ರಾಮಸ್ವಾಮಿ ಸರ್ಕಲ್ ಎಂದು ಊರಿಗೆ ಊರೇ ದಿಕ್ಕು ಹೇಳುವುದು ಸರ್ಕಲ್ಲಿನ ಹೆಸರಿನಿಂದ. ನೋಡಲು ಅವು ಚೆಂದ, ಸೈಕಲ್ ತುಳಿಯಲು ಕಷ್ಟ. ಸೈಕಲ್ಲಿನವರು ಸಹಜವಾಗಿ ಹೊರ ಅಂಚು ಹಿಡಿದು ಸುತ್ತುತ್ತಾರೆ. ಒಳಗಿನ ಸುತ್ತಿನಿಂದ ಹೊರಗೆ ಹೋಗುವ ಪ್ರತಿ ವಾಹನವೂ ಅವರ ಎದುರಿಗೇ ಅಡ್ಡ ಕತ್ತರಿಸಬೇಕು. ಐದು ರಸ್ತೆ ಕೂಡುವ ಕಡೆ ಮೂರನೆಯ ರಸ್ತೆಗೆ ಇಳಿಯುವಷ್ಟರಲ್ಲಿ ಎರಡು ಸಲ ಜೀವ ಬಾಯಿಗೆ ಬಂದಿರುತ್ತದೆ. ಇದಕ್ಕೆ ಮಧ್ಯದ ಮಂಟಪವನ್ನಾಗಲಿ ಪ್ರತಿಮೆಯನ್ನಾಗಲಿ ಮುಟ್ಟಬೇಕಿಲ್ಲ. ಪಾರಂಪರಿಕ ನಗರ ಎಂಬ ಮಾತೆತ್ತಿ ಯಾರಾದರೂ ತಡೆದರೆ ಇದನ್ನು ಹೇಳಿ. ಸರಿಮಾಡಬೇಕಾದ್ದು ಹೊರ ಅಂಚನ್ನು. ಸರ್ಕಲ್ಲಿಗೆ ಸೇರುವ ರಸ್ತೆಗಳ ಬಾಯಿ ಆಲಿಕೆಯ ಹಾಗೆ ಅಗಲವಾಗಿರುವುದರಿಂದ ಗಾಡಿಗಳು ವೇಗ ತಗ್ಗಿಸದೆ ಒಳನುಗ್ಗುತ್ತವೆ. ಆ ಬಾಯಿಯನ್ನು ಕಿರಿದು ಮಾಡಿ, ತಿರುವನ್ನು ಬಿಗಿಗೊಳಿಸಿ, ಒಳಬರುವ ಜಾಗದಲ್ಲಿ ರಸ್ತೆಯನ್ನು ಹಂಪಿನಷ್ಟು ಎತ್ತರಿಸಿ ಅದರ ಮೇಲೇ ಜೀಬ್ರಾ ಗೆರೆ ಬರೆಯಬೇಕು. ಕಾರು ಬ್ರೇಕ್ ಒತ್ತಲೇಬೇಕಾಗುತ್ತದೆ. ನಡೆಯುವವರಿಗೂ ಅದೇ ದಾರಿ. ಹತ್ತು ಕಿ.ಮೀ. ಹಸಿರು ಬಣ್ಣಕ್ಕಿಂತ ಹೀಗೆ ತಿದ್ದಿದ ನಾಲ್ಕು ಸರ್ಕಲ್ಲು ನಿಮ್ಮ ಮಗಳಿಗೆ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಬಸ್ ಸ್ಟಾಪಿನದೂ ಇಂಥದೇ ಕಥೆ. ಬಸ್ಸು ಎಡಕ್ಕೆ ಬಂದು ನಿಂತಾಗ ಸೈಕಲ್ಲಿನವರು ಬಲಕ್ಕೆ, ಓಡುವ ಗಾಡಿಗಳ ನಡುವಿಗೆ ಹೋಗಬೇಕು. ಇಲ್ಲವೇ ಬಸ್ಸಿಗೂ ಫುಟ್‌ಪಾತಿಗೂ ನಡುವೆ, ಇಳಿಯುವವರ ಕಾಲಡಿಗೆ ನುಗ್ಗಬೇಕು. ಪಥವನ್ನು ಬಸ್ ತಂಗುದಾಣದ ಹಿಂದಿನಿಂದ ಸುತ್ತಿಸಿದರೆ ಎರಡೂ ತಪ್ಪುತ್ತವೆ.

ಎಲ್ಲ ಕಡೆಯೂ ಬೇರೆ ಪಥ ಬೇಕೇ ಎಂದು ಕೇಳಿದ್ದೀರಿ. ಬೇಡ, ಜಾಗವೂ ಇಲ್ಲ. ಮನೆಗಳ ನಡುವಿನ ರಸ್ತೆಗಳಿಗೆ ಬೇಕಾದ್ದು ನಿಧಾನ. ಗಂಟೆಗೆ 50 ಕಿ.ಮೀ. ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಅಡ್ಡ ಬಂದ ಮಗುವನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು. ಆಮೇಲೆ ಒಣ ರಸ್ತೆಯಲ್ಲೂ ನಿಲ್ಲಲು ಇನ್ನೊಂದು 14 ಮೀಟರ್. 30 ಕಿ.ಮೀ. ವೇಗದಲ್ಲಿ ಬಂದ ಕಾರು ಅದೇ ಲೆಕ್ಕದಲ್ಲಿ ಒಟ್ಟು 13-14 ಮೀಟರಿನಲ್ಲಿ ನಿಂತಿರುತ್ತದೆ. ಮೂವತ್ತರಲ್ಲಿ ಬಂದವನು ಪೂರ್ತಿ ನಿಂತ ಜಾಗದಲ್ಲಿ ಐವತ್ತರಲ್ಲಿ ಬಂದವನು ಆಗಷ್ಟೇ ಬ್ರೇಕ್ ಒತ್ತುತ್ತಿರುತ್ತಾನೆ, ವೇಗ ಒಂದಿಷ್ಟೂ ಇಳಿದಿರುವುದಿಲ್ಲ. ಯಜಮಾನರಿಗೆ ಈ ಲೆಕ್ಕ ತೋರಿಸಿ, ಅವರು ಕಾರು ಓಡಿಸುವಾಗಲೂ ಪ್ರಯೋಜನಕ್ಕೆ ಬರುತ್ತದೆ! ವಾಹನಗಳೂ ನಡೆಯುವವರೂ ಸೈಕಲ್ಲಿನವರೂ ಬೆರೆಯುವ ಕಡೆ ಗರಿಷ್ಠ ವೇಗ 30 ಇರಲಿ ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತು. ನಮ್ಮಲ್ಲಿ ಕೇಂದ್ರದ 2018ರ ಅಧಿಸೂಚನೆ ನಗರದ ರಸ್ತೆಗಳಲ್ಲಿ ಕಾರಿಗೆ 70ರವರೆಗೆ ಬಿಟ್ಟುಕೊಟ್ಟಿದೆ. ಸ್ಥಳೀಯವಾಗಿ ಅದನ್ನು ಇಳಿಸಲು ಅವಕಾಶವಿದೆ, ಹಾಗಾಗಿ ಕೇಳುವುದರಲ್ಲಿ ತಪ್ಪಿಲ್ಲ.

"ಹಾಲೆಂಡಿನವರ ಬುದ್ಧಿ ನಮಗೆಲ್ಲಿ ಬರಬೇಕು" ಎಂದು ಬರೆದಿದ್ದೀರಿ. ಆ ಬುದ್ಧಿ ಅವರಿಗೂ ತಾನಾಗಿ ಬಂದದ್ದಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲಿಯೂ ಕಾರುಗಳು ತುಂಬಿಕೊಂಡವು. ಸೈಕಲ್ಲಿನವರು ಮೂಲೆಗೆ ಸರಿದರು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತನ ಮಗಳು ಶಾಲೆಗೆ ಹೋಗುವಾಗ ಕಾರಿಗೆ ಸಿಕ್ಕಿ ತೀರಿಕೊಂಡಳು. 1972ರಲ್ಲಿ ಆತ "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ತಲೆಬರಹದಲ್ಲಿ ಬರೆದ ಲೇಖನವೇ ಒಂದು ಚಳವಳಿಯ ಹೆಸರಾಯಿತು. ಅದರ ಮೊದಲ ಅಧ್ಯಕ್ಷೆ ಮಾರ್ಟ್ಯೆ ವಾನ್ ಪುಟ್ಟೆನ್, ಮುಂದೆ ಯುರೋಪಿಯನ್ ಸಂಸತ್ತಿನ ಸದಸ್ಯೆಯಾದವರು. ಮನೆಯವರು, ಮಕ್ಕಳು ರಸ್ತೆಗೆ ಬಂದು ಕೂತರು. ಮರುವರ್ಷ ತೈಲ ಬಿಕ್ಕಟ್ಟು ಬಂದು ಸರ್ಕಾರವೇ ಭಾನುವಾರ ಕಾರು ಓಡಿಸಬೇಡಿ ಎಂದಿತು, ಜನ ಹೆದ್ದಾರಿಯಲ್ಲಿ ಸೈಕಲ್ ತುಳಿದರು.

ನನಗೆ ಹೆಚ್ಚು ಕುತೂಹಲ ಇರುವುದು ಆಮೇಲೆ ನಡೆದದ್ದರ ಬಗ್ಗೆ. ಎಪ್ಪತ್ತರ ದಶಕದಲ್ಲಿ ಅವರು ಹೇಗ್, ಟಿಲ್‌ಬರ್ಗ್ ನಗರಗಳಲ್ಲಿ ಒಂದೊಂದು ಮಾದರಿ ಸೈಕಲ್ ದಾರಿ ಕಟ್ಟಿದರು. ಚೆನ್ನಾಗಿಯೇ ಕಟ್ಟಿದರು, ಆದರೆ ಊರಿನಲ್ಲಿ ಸೈಕಲ್ ತುಳಿಯುವವರ ಸಂಖ್ಯೆ ನಿರೀಕ್ಷಿಸಿದಷ್ಟು ಏರಲಿಲ್ಲ. ಎಂಬತ್ತರ ದಶಕದಲ್ಲಿ ಡೆಲ್ಫ್ಟ್ ನಗರ ಒಂದು ದಾರಿಯ ಬದಲು ಇಡೀ ಊರಿಗೆ ಬಲೆ ಹೆಣೆಯಿತು. ಮನೆಯ ಬಾಗಿಲಿನಿಂದ ಶಾಲೆಯ ಗೇಟಿನವರೆಗೆ ಎಲ್ಲಿಯೂ ಕಡಿಯದ ದಾರಿ, ಬೇಕಾದಲ್ಲಿ ಸಣ್ಣ ಸೇತುವೆ, ಕೆಳದಾರಿ. ಅಲ್ಲಿ ಫಲ ಕಂಡಿತು. ಸ್ಪೇನಿನ ಸೆವಿಲ್ಲೆಯೂ 2006ರಿಂದ ನಾಲ್ಕೈದು ವರ್ಷಗಳಲ್ಲಿ ಸುಮಾರು 120 ಕಿ.ಮೀ. ಬಲೆಯನ್ನು ಒಟ್ಟಿಗೇ ಹಾಕಿತು. ನಮ್ಮಷ್ಟೇ ಬಿಸಿಲಿನ ಊರದು. ಸಾವಿರಾರು ಪಾರ್ಕಿಂಗ್ ಜಾಗಗಳನ್ನು ತೆಗೆದರು. ಶೇಕಡಾ ಒಂದನ್ನೂ ಮುಟ್ಟದಿದ್ದ ಸೈಕಲ್ ಸಂಚಾರ ಆರು ಏಳಕ್ಕೆ ಏರಿತು. ನೀವು ಕೇಳುತ್ತಿರುವ ಒಂದೇ ಮುಖ್ಯರಸ್ತೆಯ ಟ್ರ್ಯಾಕ್ ಟಿಲ್‌ಬರ್ಗಿನ ಹಾದಿ ಹಿಡಿಯುತ್ತದೆಂಬುದು ನನ್ನ ಅನುಮಾನ.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಅರ್ಧ ಬಲೆ ಆಗಲೇ ಇದೆ ಎಂಬುದು ನಮ್ಮ ಪುಣ್ಯ. 1903ರಷ್ಟು ಹಿಂದೆಯೇ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರು ಅದು. ಮನೆಗಳ ಬೆನ್ನಿಗೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು ಈಗ ಕಸ ಸುರಿಯಲು, ಮುರಿದ ಕಮೋಡು ಬಿಸಾಡಲು ಬಳಕೆಯಾಗುತ್ತವೆ. ಒಂದಿಷ್ಟು ಚಪ್ಪಡಿ, ಎರಡು ದೀಪ ಹಾಕಿದರೆ ಅವೇ ಮಕ್ಕಳ ದಾರಿ. ಗಲ್ಲಿ ಮುಖ್ಯರಸ್ತೆಗೆ ಸೇರುವಲ್ಲಿ ಮಾತ್ರ ದಾಟಲು ವ್ಯವಸ್ಥೆ ಬೇಕು. ನೋಡಿ, ಮತ್ತೆ ಅಡ್ಡ ಹಾಯುವ ಜಾಗಕ್ಕೇ ಬಂದೆ.

ನಮ್ಮ ಸರ್ಕಾರಗಳು ಸೈಕಲ್ ಕೊಟ್ಟಿಲ್ಲ ಎನ್ನುವ ಹಾಗಿಲ್ಲ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಹಂಚಿದವು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮೆಟ್ಟಿಲು ಹತ್ತಿದ್ದರಲ್ಲಿ ಆ ಸೈಕಲ್ಲುಗಳ ಪಾಲಿದೆ. ನಿಮ್ಮೂರಿಗೆ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಬಂತು, 450 ಸೈಕಲ್, 48 ನಿಲ್ದಾಣಗಳು. ದೇಶದಲ್ಲೇ ಮೊದಲ ಸಾಲಿನ ಸಾರ್ವಜನಿಕ ಸೈಕಲ್ ಯೋಜನೆ. ಸೈಕಲ್ಲಿಗೆ ಕೊಟ್ಟ ಗಮನದಲ್ಲಿ ಕಾಲುಭಾಗ ರಸ್ತೆಗೂ ಸಿಕ್ಕಿದ್ದರೆ ಅರಮನೆ ನೋಡಲು ಬಂದವರ ಜೊತೆ ಸರಸ್ವತಿಪುರಂನ ಅಜ್ಜಿಯರೂ ಅದನ್ನು ಹತ್ತುತ್ತಿದ್ದರೋ ಏನೋ. ಬೆಂಗಳೂರಿನಲ್ಲಿ 2013ರಿಂದ ಸೈಕಲ್ ದಿನ ಮಾಡುತ್ತಾರೆ. ಭಾನುವಾರ ಬೆಳಿಗ್ಗೆ ರಸ್ತೆ ಮುಚ್ಚಿದಾಗ ಎಲ್ಲಿದ್ದವೋ ಎಂಬಂತೆ ಮಕ್ಕಳು ಹೊರಬರುತ್ತವೆ. ಸೈಕಲ್ ತುಳಿಯುವವರೇ ಇಲ್ಲ, ಪಥ ಯಾಕೆ ಎಂದು ಕೇಳುವ ಎಂಜಿನಿಯರುಗಳನ್ನು ಅಂಥ ದಿನ ಕರೆದುಕೊಂಡು ಹೋಗಬೇಕು.

ಮಿಕ್ಕ ದಿನಗಳಲ್ಲಿ ತುಳಿಯುವವರೇ ಇಲ್ಲ ಎಂಬುದೂ ಸುಳ್ಳು. ಬೆಳಗಿನ ಐದಕ್ಕೆ ಪೇಪರ್ ಹಾಕುವ ಹುಡುಗರು, ಕ್ಯಾನು ಕಟ್ಟಿಕೊಂಡ ಹಾಲಿನವರು, ರಾತ್ರಿ ಪಾಳಿ ಮುಗಿಸಿ ಹೋಗುವ ಸೆಕ್ಯೂರಿಟಿಯವರು, ಹೂವಿನ ಬುಟ್ಟಿ ಹಿಂದಿಟ್ಟುಕೊಂಡವರು, ಫ್ಲಾಸ್ಕಿನಲ್ಲಿ ಟೀ ಮಾರುವವರು. ಇವರ ಬಳಿ ಹೆಲ್ಮೆಟ್ ಇಲ್ಲ, ಹೊಳೆಯುವ ಜಾಕೆಟ್ ಇಲ್ಲ, ಅರ್ಜಿ ಬರೆಯಲು ಪುರುಸೊತ್ತೂ ಇಲ್ಲ. ಹಿಂದೆ ಡೈನಮೋ ಇಲ್ಲದವರನ್ನೂ ಡಬಲ್ ರೈಡ್ ಹೋಗುವವರನ್ನೂ ಪೊಲೀಸರು ಹಿಡಿಯುತ್ತಿದ್ದರು, ಪುರಸಭೆಯವರು ಸೈಕಲ್ಲಿಗೆ ತೆರಿಗೆ ಹಾಕಿ ಬಿಲ್ಲೆ ಕೊಡುತ್ತಿದ್ದರು. ತಮಾಷೆಯೆನಿಸುತ್ತದೆ, ಆದರೆ ಆಗ ಆಡಳಿತದ ಕಣ್ಣಿಗೆ ಸೈಕಲ್ ಒಂದು ವಾಹನವಾಗಿ ಕಾಣುತ್ತಿತ್ತು. ಈಗ ತೆರಿಗೆಯೂ ಇಲ್ಲ, ಲೆಕ್ಕವೂ ಇಲ್ಲ. ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತ 1,68,491 ಜನರಲ್ಲಿ ಸೈಕಲ್ಲಿನವರು ಸುಮಾರು 4,800. ನೂರರಲ್ಲಿ ಮೂರೇ ಎಂದು ಸಮಾಧಾನಪಡುವವರಿದ್ದಾರೆ. ಹೆದರಿ ಸೈಕಲ್ ಮೂಲೆಗೆ ಹಾಕಿದವರು ಈ ಪಟ್ಟಿಗೆ ಬರುವುದಿಲ್ಲ. ನಿಮ್ಮ ಮಗಳು ಸ್ಕೂಟರಿನ ಹಿಂದೆ ಕೂತು ಹೋದರೆ ಅವಳೂ ಅಂಥವರಲ್ಲಿ ಒಬ್ಬಳು.

ಕಾನೂನಿನ ಬಲವೂ ಅಷ್ಟಿಷ್ಟು ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮಿನ ಪ್ರಕಾರ ಮಾನದಂಡ ಪಾಲಿಸದೆ ರಸ್ತೆ ಕಟ್ಟಿ ಸಾವು ನೋವಿಗೆ ಕಾರಣರಾದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಸೈಕಲ್ ಟ್ರ್ಯಾಕಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಹಿಂದಿನಿಂದಲೂ ಇದೆ, 2015ರಲ್ಲಿ ಪರಿಷ್ಕರಿಸಿದ್ದಾರೆ. ಅರ್ಜಿಯಲ್ಲಿ "ಐಆರ್‌ಸಿ 11 ಪ್ರಕಾರ" ಎಂಬ ಮೂರು ಪದ ಸೇರಿಸಿ, ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ನಡೆಯುವವರಿಗೂ ಸೈಕಲ್ಲಿನವರಿಗೂ ರಸ್ತೆಯ ಮೇಲೆ ಹಕ್ಕು ಕೊಡುವ ಮಸೂದೆಯೊಂದರ ಕರಡನ್ನು ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ 2021ರ ಹೊತ್ತಿಗೆ ಸಿದ್ಧಮಾಡಿ ಸಾರ್ವಜನಿಕರ ಅಭಿಪ್ರಾಯಕ್ಕೂ ಇಟ್ಟಿತ್ತು. ಅದು ಕಾಯ್ದೆಯಾಗಿದ್ದರೆ ನೀವು ಕೋರಿಕೆ ಬರೆಯುವ ಬದಲು ದೂರು ಬರೆಯಬಹುದಿತ್ತು.

ಈಗ ಅರ್ಜಿಯನ್ನು ಹೀಗೆ ತಿದ್ದಿ. ಮುಖ್ಯರಸ್ತೆಯ ಟ್ರ್ಯಾಕನ್ನು ಕೊನೆಗೆ ಹಾಕಿ. ಮೊದಲಿಗೆ ಶಾಲೆಯ ಗೇಟಿನಿಂದ ಎಲ್ಲ ದಿಕ್ಕಿಗೂ ಮಕ್ಕಳು ಹೋಗುವ ದಾರಿಗಳ ನಕ್ಷೆ ಬರೆಯಿರಿ. ಅವು ದೊಡ್ಡ ರಸ್ತೆಯನ್ನು ಎಲ್ಲೆಲ್ಲಿ ದಾಟುತ್ತವೆ, ಯಾವ ಸರ್ಕಲ್ ಸುತ್ತುತ್ತವೆ ಎಂಬುದನ್ನು ಕೆಂಪು ಪೆನ್ನಿನಲ್ಲಿ ಗುರುತಿಸಿ, ಅಲ್ಲಿ ಎತ್ತರಿಸಿದ ಜೀಬ್ರಾ ಕೇಳಿ. ಶಾಲೆಯ ಸುತ್ತಲಿನ ಒಳರಸ್ತೆಗಳಿಗೆ 30ರ ಮಿತಿ ಕೇಳಿ. ಬೋರ್ಡು ನೆಟ್ಟು ಕೈತೊಳೆದುಕೊಳ್ಳದೆ ಹಂಪು ಹಾಕಿ, ರಸ್ತೆ ಕಿರಿದು ಮಾಡಿ ಎಂದೂ ಬರೆಯಿರಿ. ಚರಂಡಿಯ ಕಬ್ಬಿಣದ ಜಾಲರಿಗಳನ್ನು ಮರೆಯಬೇಡಿ. ಸರಳುಗಳು ರಸ್ತೆಯ ಉದ್ದಕ್ಕೆ ಇದ್ದರೆ ಸೈಕಲ್ಲಿನ ಚಕ್ರ ನೇರ ಒಳಗೆ ಇಳಿಯುತ್ತದೆ. ಅಡ್ಡಕ್ಕೆ ತಿರುಗಿಸಿ ಕೂರಿಸಲು ಟೆಂಡರ್ ಕೂಡ ಬೇಕಿಲ್ಲ.

ಮಗಳ ವಿಷಯ. ಅಷ್ಟೆಲ್ಲ ಆಗುವವರೆಗೆ ಕಾಯಿರಿ ಎಂದರೆ ಅವಳ ಮದುವೆಯೇ ಆಗಿಬಿಡಬಹುದು. ಒಂದು ರಜೆಯ ಬೆಳಿಗ್ಗೆ ನೀವೂ ಅವಳೂ ಒಳರಸ್ತೆಗಳಲ್ಲಿ ಸುತ್ತಿ ನೋಡಿ, ತುಸು ಸುತ್ತಾದರೂ ಸರ್ಕಲ್ ತಪ್ಪಿಸುವ ದಾರಿ ಸಾಮಾನ್ಯವಾಗಿ ಸಿಗುತ್ತದೆ. ನಿಂತ ಬಸ್ಸಿನ, ಲಾರಿಯ ಎಡಕ್ಕೆ ಯಾವತ್ತೂ ನುಗ್ಗಬಾರದು, ನಿಲ್ಲಿಸಿದ ಕಾರುಗಳಿಂದ ಬಾಗಿಲು ತೆರೆಯುವಷ್ಟು ದೂರ ಇರಬೇಕು, ಇವೆರಡನ್ನು ಕಲಿಸಿ. ದೊಡ್ಡ ರಸ್ತೆ ದಾಟುವಾಗ ಇಳಿದು ತಳ್ಳಿಕೊಂಡು ದಾಟಲಿ, ಅದರಲ್ಲಿ ನಾಚಿಕೆ ಏನಿಲ್ಲ. ಹಿಂದೊಂದು ಕೆಂಪು ದೀಪ, ತಲೆಗೊಂದು ಹೆಲ್ಮೆಟ್ಟು. ಯಜಮಾನರಿಗೂ ಒಂದು ಸೈಕಲ್ ಬಾಡಿಗೆಗೆ ತಂದು ಅದೇ ದಾರಿಯಲ್ಲಿ ಒಮ್ಮೆ ಕಳಿಸಿ. ಒಳಪೆಡ್ಲು ಹೊಡೆದು ಕಲಿತವರು ತಾನೇ, ಮರೆತಿರುವುದಿಲ್ಲ. ಬೇಡ ಎಂದರೂ ಆಮೇಲೆ ಎಲ್ಲಿ ಬೇಡ, ಯಾಕೆ ಬೇಡ ಎಂದು ಬೊಟ್ಟು ಮಾಡಿ ಹೇಳುತ್ತಾರೆ. ನಕ್ಷೆಗೆ ಅದೂ ಬೇಕು.

ಇನ್ನೊಂದು. ನಕ್ಷೆಯ ಜೊತೆ ಎಣಿಕೆಯೂ ಇರಲಿ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ಕೂತು ಸೈಕಲ್ಲಿನವರನ್ನೂ ನಡೆದು ಹೋಗುವವರನ್ನೂ ಬರೆದುಕೊಳ್ಳಿ, ಹೈಸ್ಕೂಲಿನ ಮಕ್ಕಳೇ ಖುಷಿಯಿಂದ ಮಾಡಿಕೊಡುತ್ತಾರೆ. ಪರೀಕ್ಷೆ ಶುರುವಾಗುವ ಮೊದಲೇ ಮುಗಿಸಿ. ಬೇಸಿಗೆ ರಜೆಯಲ್ಲಿ ಎಣಿಸಿದರೆ ರಸ್ತೆ ಖಾಲಿ ಇದೆ, ಏನೂ ಬೇಕಿಲ್ಲ ಎಂದು ಷರಾ ಬರೆದು ಫೈಲು ಮುಚ್ಚುತ್ತಾರೆ. ತಿದ್ದಿದ ಕರಡು ಕಳಿಸಿಕೊಡಿ, ನೋಡಿ ಹಿಂದಿರುಗಿಸುತ್ತೇನೆ.

ಇಂತಿ ನಿಮ್ಮ
ಬೆಂಗಳೂರಿನ ಗೆಳತಿ